ಸಿರಿ ಬಂದಾಗ ದೇವರನ್ನು ಮರೆಯೋದರ ಬಗ್ಗೆ ಒಂದು ಬೈಬಲ್ ಪ್ಲ್ಯಾನ್: ಮೂರೂವರೆ ಸ್ಟಾರ್

ಬೈಬಲ್ ಆ್ಯಪ್‌ಗಳಲ್ಲಿ ಸಿಗುವ ಓದುವ ಪ್ಲ್ಯಾನ್‌ಗಳು ಹೆಚ್ಚಾಗಿ ಆತಂಕ, ಮದುವೆ, ಸಮಾಧಾನ ಇಷ್ಟರಲ್ಲೇ ಸುತ್ತುತ್ತವೆ. ಇದು ಮಾತ್ರ ಯಾರಿಗೂ ಕೇಳಲು ಇಷ್ಟವಿಲ್ಲದ ವಿಷಯ ಎತ್ತಿಕೊಂಡಿದೆ: ಕಷ್ಟದಲ್ಲಿ ದೇವರನ್ನು ಗಟ್ಟಿಯಾಗಿ ಹಿಡಿದವರು ಸುಖ ಬಂದಾಗ ಯಾಕೆ ಕೈಬಿಡುತ್ತಾರೆ? ದಿನಕ್ಕೊಂದು ವಾಕ್ಯಭಾಗ, ಚಿಕ್ಕ ಆಡಿಯೊ, ಕೊನೆಗೊಂದು ಪ್ರಶ್ನೆ. ಪೂರ್ತಿ ಮುಗಿಸಿಯೇ ಬರೆಯುತ್ತಿದ್ದೇನೆ.

ಶುರು ಧರ್ಮೋಪದೇಶಕಾಂಡದ 8ನೇ ಅಧ್ಯಾಯದಿಂದ. ಇಸ್ರಾಯೇಲ್ ಜನ ಇನ್ನೂ ಯೊರ್ದನ್ ನದಿ ದಾಟಿಲ್ಲ, ಒಂದು ಮನೆಯನ್ನೂ ಕಟ್ಟಿಲ್ಲ, ಆಗಲೇ ಮೋಶೆ ಎಚ್ಚರಿಸುತ್ತಾನೆ: ಹೊಟ್ಟೆ ತುಂಬಿ, ಒಳ್ಳೆ ಮನೆ ಕಟ್ಟಿಕೊಂಡು, ಬೆಳ್ಳಿಬಂಗಾರ ಜಾಸ್ತಿಯಾದಾಗ ಹುಷಾರು. ಇದೆಲ್ಲ ನನ್ನ ಕೈಯ ಬಲದಿಂದಲೇ ಬಂತು ಅಂತ ಮನಸ್ಸಿನಲ್ಲಿ ಅಂದುಕೊಳ್ಳಬೇಡ ಅನ್ನುವುದು 17ನೇ ವಚನ. ಮನಸ್ಸಿನಲ್ಲಿ! ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಅಲ್ವಾ. ಆಡಿಯೊದಲ್ಲಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಾರೆ, ಅದು ಇಷ್ಟವಾಯಿತು.

ಇಡೀ ಪ್ಲ್ಯಾನ್‌ನಲ್ಲಿ ಗಟ್ಟಿಯಾದ ಭಾಗ ಇಸ್ರಾಯೇಲಿನ ಅರಸ ಸೊಲೊಮೋನನದು. ಧರ್ಮೋಪದೇಶಕಾಂಡ 17 ಮತ್ತು 1 ಅರಸುಗಳು 10, 11 ಎರಡನ್ನೂ ಒಂದೇ ದಿನ ಓದಿಸುತ್ತಾರೆ. ಮೊದಲನೆಯದರಲ್ಲಿ ಅರಸನಿಗೆ ನಿಯಮ: ಕುದುರೆ ಜಾಸ್ತಿ ಮಾಡಿಕೊಳ್ಳಬಾರದು, ಅದಕ್ಕಾಗಿ ಜನರನ್ನು ಈಜಿಪ್ಟಿಗೆ ಕಳಿಸಬಾರದು, ಹೆಂಡತಿಯರು ಬಹಳ ಬೇಡ, ಬೆಳ್ಳಿಬಂಗಾರ ಗುಡ್ಡೆಹಾಕಬಾರದು. ಎರಡನೆಯದನ್ನು ತೆರೆದರೆ ಒಂದು ವರ್ಷಕ್ಕೆ ಬಂದ ಬಂಗಾರ 666 ತಲಾಂತು (ಆ ಕಾಲದ ದೊಡ್ಡ ತೂಕದ ಅಳತೆ), ರಥ 1,400, ಈಜಿಪ್ಟಿನಿಂದ ತರಿಸಿದ ಕುದುರೆಗಳು, ಪತ್ನಿಯರು 700, ಉಪಪತ್ನಿಯರು 300. ಹತ್ತನೇ ಅಧ್ಯಾಯದಲ್ಲಿ ಒಂದು ಬೈಗುಳವೂ ಇಲ್ಲ. ಸುಮ್ನೆ ಲೆಕ್ಕ ಒಪ್ಪಿಸಿದಂತಿದೆ, ಓದುತ್ತಾ ಹೋದರೆ ಹೊಗಳಿಕೆ ಅಂತಲೇ ಅನ್ನಿಸುತ್ತದೆ. ಪಕ್ಕದಲ್ಲಿ ಆ ನಿಯಮ ಇಟ್ಟುಕೊಂಡಾಗಲೇ ಒಂದೊಂದು ಅಂಕಿಯೂ ಚುಚ್ಚುವುದು. ಬೇರೇನೂ ಬೇಡ, ಈ ಒಂದು ದಿನವನ್ನಾದರೂ ಓದಿ.

ಪ್ರಕಟನೆ 3ರಲ್ಲಿ ಬರುವ ಲವೊದಿಕೀಯ ಎಂಬ ಊರಿನ ಕ್ರೈಸ್ತ ಸಭೆಯ ಭಾಗವೂ ಚೆನ್ನಾಗಿ ಬಂದಿದೆ. 'ನಾನು ಐಶ್ವರ್ಯವಂತ, ನನಗೇನೂ ಕೊರತೆಯಿಲ್ಲ' ಅನ್ನುವ ಸಭೆ ಅದು. ಕ್ರಿ.ಶ. 60ರ ಭೂಕಂಪದಲ್ಲಿ ಬಿದ್ದ ಆ ಊರು ರೋಮ್‌ನ ಸಹಾಯವಿಲ್ಲದೆ ಸ್ವಂತ ದುಡ್ಡಿನಲ್ಲೇ ಎದ್ದು ನಿಂತಿತು ಅಂತ ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಇದನ್ನು ಕೇಳಿದ ಮೇಲೆ ಆ ಮಾತಿನ ಧಾಟಿಯೇ ಬೇರೆ ಥರ ಕೇಳಿಸುತ್ತದೆ.

ಇನ್ನು ದೂರುಗಳು. ಐಶ್ವರ್ಯವಂತ ದೇವರ ರಾಜ್ಯದಲ್ಲಿ ಸೇರುವುದಕ್ಕಿಂತ ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭ ಅನ್ನುವ ಯೇಸುವಿನ ಮಾತು ಬಂದ ಕೂಡಲೇ ಆಡಿಯೊದವರು ಅದೇ ಹಳೆ ಕಥೆ ಹೇಳುತ್ತಾರೆ, ಯೆರೂಸಲೇಮಿನಲ್ಲಿ ಆ ಹೆಸರಿನ ಚಿಕ್ಕ ಬಾಗಿಲಿತ್ತು, ಒಂಟೆ ಮಂಡಿಯೂರಿ ಒಳಗೆ ಹೋಗುತ್ತಿತ್ತು ಅಂತ. ಅಂಥ ಬಾಗಿಲಿಗೆ ಆ ಕಾಲದ ಪುರಾವೆ ಇಲ್ಲ. ಮಂಡಿಯೂರಿದರೆ ಸಾಕು ಅನ್ನೋದಾದರೆ, ಹಾಗಾದರೆ ಯಾರಿಗೆ ರಕ್ಷಣೆಯಾದೀತು ಅಂತ ಶಿಷ್ಯರು ಯಾಕೆ ಬೆರಗಾಗಬೇಕಿತ್ತು? ಮನುಷ್ಯರಿಗೆ ಇದು ಅಸಾಧ್ಯ ಅಂತ ಯೇಸು ಯಾಕೆ ಹೇಳಬೇಕಿತ್ತು? ಎಚ್ಚರಿಕೆಯ ಹಲ್ಲನ್ನೇ ಕಿತ್ತುಬಿಟ್ಟಿದ್ದಾರೆ.

ಜ್ಞಾನೋಕ್ತಿಯಲ್ಲಿ ಬರುವ ಆಗೂರ ಅನ್ನುವವನ ಪ್ರಾರ್ಥನೆಗೂ ಅನ್ಯಾಯವಾಗಿದೆ. ಬಡತನವೂ ಬೇಡ, ಐಶ್ವರ್ಯವೂ ಬೇಡ ಅನ್ನುವ ಜ್ಞಾನೋಕ್ತಿ 30:8 ಮಾತ್ರ ಸ್ಕ್ರೀನಿನಲ್ಲಿ ಬರುತ್ತದೆ. ಕಾರಣ ಇರುವುದು 9ರಲ್ಲಿ: ಹೊಟ್ಟೆ ತುಂಬಿದರೆ, ದೇವರೇ, ನಿನ್ನನ್ನೇ ಯಾರು ಅಂತ ಕೇಳಿಯೇನು, ಬಡವನಾದರೆ ಕದ್ದೇನು. ಅದನ್ನು ಬಿಟ್ಟು ಪ್ಲ್ಯಾನ್ ಮಾಡಿದವರಿಗೆ ಏನನ್ನಬೇಕೋ. ಯೆಹೆಜ್ಕೇಲ 16:49 ಅಂತೂ ಎಲ್ಲೂ ಇಲ್ಲ. ಪಾಪಕ್ಕೆ ಹೆಸರಾಗಿ ನಾಶವಾದ ಸೊದೋಮ್ ಪಟ್ಟಣದ ತಪ್ಪುಗಳಲ್ಲಿ ಗರ್ವ, ಹೊಟ್ಟೆ ತುಂಬ ಊಟ, ಸುಖದ ಬದುಕು, ಬಡವರಿಗೆ ಕೈಕೊಡದಿರುವುದು ಅಂತ ಹೇಳುವ ವಚನ ಅದು. ದಿನದ ಪ್ರಶ್ನೆಗಳೋ, ಸಪ್ಪೆ. ನಿಮ್ಮ ಆಶೀರ್ವಾದಗಳನ್ನು ಪಟ್ಟಿ ಮಾಡಿ, ಇಂಥವೇ.

ನಗು ಬಂದದ್ದು ಕೊನೆಯಲ್ಲಿ. ಪ್ಲ್ಯಾನ್ ಮುಗಿಯುತ್ತಿದ್ದಂತೆ ಆ್ಯಪ್ ಇನ್ನೊಂದನ್ನು ಮುಂದೆ ತಂದಿಟ್ಟಿತು: ಕಾಣಿಕೆ ಕೊಟ್ಟು ಐಶ್ವರ್ಯ ಪಡೆಯುವುದು ಹೇಗೆ.

ಒಟ್ಟಿನಲ್ಲಿ ಓದಬಹುದು. ಪಕ್ಕದಲ್ಲಿ ಪೂರ್ತಿ ಬೈಬಲ್ ಇಟ್ಟುಕೊಳ್ಳಿ, ಒಂಟೆಯ ದಿನ ಆಡಿಯೊ ಬಿಟ್ಟು ಮಾರ್ಕ 10 ನೀವೇ ಓದಿ, ನೋಟಿಫಿಕೇಶನ್ ಮೊದಲೇ ಆಫ್ ಮಾಡಿ.