ನಡಾವಳಿ ಪುಸ್ತಕ ಕೇಳಿದ ಸಲಹೆಗಾರರು

ನಮ್ಮ ಸಂಸ್ಥೆಯಲ್ಲಿ ಲಿಂಗ ಸಮಾನತೆಯ ಸ್ಥಿತಿ ಹೇಗಿದೆಯೆಂದು ಪರಿಶೀಲಿಸಿ ಸಲಹೆ ನೀಡಲು ಸ್ತ್ರೀವಾದಿ ಸುಗಮಕಾರರಾದ, ಅಂದರೆ ಗುಂಪಿನ ಚರ್ಚೆಗಳನ್ನು ನಡೆಸಿಕೊಡುವ, ಇಬ್ಬರು ಮಹಿಳೆಯರ ಸಣ್ಣ ತಂಡವೊಂದನ್ನು ಆರು ತಿಂಗಳ ಅವಧಿಗೆ ಗೊತ್ತುಮಾಡಿಕೊಂಡಿದ್ದೆವು. ಕರಾರು ಸಿದ್ಧಪಡಿಸುವುದರಿಂದ ಹಿಡಿದು ಅಂತಿಮ ವರದಿ ಸ್ವೀಕರಿಸುವವರೆಗೆ ಅವರೊಂದಿಗೆ ಓಡಾಡಿದವಳು ನಾನೇ. ಇಂಥ ಸೇವೆಯನ್ನು ಪಡೆಯಬೇಕೆಂದಿರುವವರಿಗೆ ಉಪಯೋಗವಾಗಲೆಂದು, ತಂಡದ ಹೆಸರನ್ನು ಬಿಟ್ಟು, ಕೆಲಸ ನಡೆದ ಬಗೆಯನ್ನಷ್ಟೇ ಇಲ್ಲಿ ದಾಖಲಿಸುತ್ತಿದ್ದೇನೆ.

ನಾವು ಕೇಳಿದ್ದು ಒಂದು ದಿನದ ಕಾರ್ಯಾಗಾರವನ್ನು. ಎಲ್ಲರ ಹಾಜರಾತಿಯೂ ಕಡ್ಡಾಯವಾಗಿರಬೇಕು, ಕೊನೆಗೊಂದು ಪ್ರಮಾಣಪತ್ರ ಕೊಡಬೇಕು ಎಂಬುದು ಆಡಳಿತ ವಿಭಾಗದ ಬೇಡಿಕೆಯಾಗಿತ್ತು. ಮೊದಲ ಭೇಟಿಯಲ್ಲೇ ಅವರು ಅದನ್ನು ಒಪ್ಪಲಿಲ್ಲ. ಅಮೆರಿಕದ ನೂರಾರು ಕಂಪನಿಗಳ ಹಲವು ದಶಕಗಳ ಮಾಹಿತಿಯನ್ನು ಪರಿಶೀಲಿಸಿದ ಸಮಾಜಶಾಸ್ತ್ರಜ್ಞರಾದ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಾಲೆವ್, ಕಡ್ಡಾಯ ತರಬೇತಿಯಿಂದ ಮೇಲಿನ ಹುದ್ದೆಗಳಲ್ಲಿ ಮಹಿಳೆಯರ ಪ್ರಮಾಣ ಹೆಚ್ಚುವುದಿಲ್ಲವೆಂದೂ ಕೆಲವೊಮ್ಮೆ ಅದು ತಿರುಗುಬಾಣವಾಗುತ್ತದೆಂದೂ ತೋರಿಸಿರುವುದನ್ನು ನಮ್ಮ ಮುಂದಿಟ್ಟರು. ಕೈಗೆ ಬಂದ ಕೆಲಸವನ್ನು ಬೇಡವೆನ್ನುವ ಸಲಹೆಗಾರರನ್ನು ನಾನು ನೋಡಿದ್ದು ಅದೇ ಮೊದಲು. ಕಾರ್ಯಾಗಾರಕ್ಕೆ ಬದಲಾಗಿ ಅವರು ಕೇಳಿದ್ದು ಮೂರು ಕಡತಗಳನ್ನು: ಹಿಂದಿನ ಎರಡು ವರ್ಷಗಳ ಸಭಾ ನಡಾವಳಿ, ಹುದ್ದೆ ಮತ್ತು ವೇತನದ ಪಟ್ಟಿ, ತರಬೇತಿ ಹಾಗೂ ಪ್ರವಾಸಕ್ಕೆ ನೀಡಿದ ಮಂಜೂರಾತಿಗಳು.

ನಡಾವಳಿ ಪುಸ್ತಕದಿಂದ ಏನು ತಿಳಿಯುತ್ತದೆಂದು ನನಗೂ ಅನುಮಾನವಿತ್ತು. ಮೂರನೆಯ ವಾರ ಅವರು ಆ ಪುಸ್ತಕವನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟು, ಪುಟಗಳನ್ನು ಒಂದೊಂದಾಗಿ ಮಗುಚುತ್ತಾ, ಕೈಬರಹವನ್ನು ಮಾತ್ರ ಗಮನಿಸಿ ಎಂದರು. ಎರಡು ವರ್ಷಗಳ ಪುಟಗಳಲ್ಲಿ ಕಂಡದ್ದು ಮೂವರ ಕೈಬರಹ. ಮೂವರೂ ಮಹಿಳೆಯರು, ಅವರಲ್ಲಿ ಒಬ್ಬರು ವಿಭಾಗದ ಮುಖ್ಯಸ್ಥೆ. ಬರೆದುಕೊಳ್ಳುವ ಹೊಣೆ ಹೊತ್ತವರು ಆ ಸಭೆಯಲ್ಲಿ ಹೆಚ್ಚು ಮಾತನಾಡಲಾರರೆಂಬುದು ಸರಳವಾದ ಸಂಗತಿ. ಆದರೂ ಅದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ, ಬರೆಯುತ್ತಿದ್ದ ಮೂವರಲ್ಲಿ ಒಬ್ಬಳಾದ ನನಗೂ ಹೊಳೆದಿರಲಿಲ್ಲ.

ಮಂಜೂರಾತಿಯ ಕಡತಗಳನ್ನು ಓದಲು ಅವರು ಬಳಸಿದ್ದು 1980ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ರೂಪುಗೊಂಡ ವಿಶ್ಲೇಷಣಾ ಚೌಕಟ್ಟನ್ನು. ಅಭಿವೃದ್ಧಿ ಯೋಜನೆಗಳಿಗಾಗಿ ಹುಟ್ಟಿದ ಆ ಸಾಧನ ಯಾರು ಯಾವ ಕೆಲಸ ಮಾಡುತ್ತಾರೆಂದು ಕೇಳುವುದರ ಜೊತೆಗೆ ಸಂಪನ್ಮೂಲದ ಬಳಕೆಯನ್ನೂ ಅದರ ಮೇಲಿನ ಹಿಡಿತವನ್ನೂ ಬೇರ್ಪಡಿಸಿ ನೋಡುತ್ತದೆ. ನಮ್ಮಲ್ಲಿ ಯೋಜನೆಯ ಹಣವನ್ನು ಖರ್ಚು ಮಾಡಿ, ರಸೀದಿ ಜೋಡಿಸಿ, ಲೆಕ್ಕ ಒಪ್ಪಿಸುತ್ತಿದ್ದವರು ಬಹುಪಾಲು ಮಹಿಳೆಯರಾಗಿದ್ದರೆ, ಅಂತಿಮ ಸಹಿ ಒಂದಾದರೂ ಮಹಿಳೆಯದಾಗಿರಲಿಲ್ಲ. ಬಳಕೆ ಒಬ್ಬರದು, ಹಿಡಿತ ಇನ್ನೊಬ್ಬರದು ಎಂಬ ಮಾತನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಉಪನ್ಯಾಸವೂ ಹೇಳಲಾರದು.

ಆನಂತರ ನಡೆದ ನಾಲ್ಕು ಗುಂಪು ಸಭೆಗಳ ಬಗ್ಗೆ ನನಗೆ ಮಿಶ್ರ ಅಭಿಪ್ರಾಯವಿದೆ. ಕುರ್ಚಿಗಳನ್ನು ವೃತ್ತಾಕಾರವಾಗಿ ಹಾಕಿದ್ದರು. ಆದರೆ ವೃತ್ತದಲ್ಲಿ ಕೂತಮಾತ್ರಕ್ಕೆ ಎಲ್ಲರೂ ಸಮಾನರಾಗುವುದಿಲ್ಲವೆಂಬ ಅರಿವು ಅವರಿಗಿತ್ತು. ನಾಯಕರೇ ಇಲ್ಲವೆನ್ನುವ ಗುಂಪಿನಲ್ಲಿ ಅಧಿಕಾರ ಮರೆಯಲ್ಲಿ ಕೂತು ಕೆಲಸ ಮಾಡುತ್ತದೆಂದು ಅಮೆರಿಕದ ಸ್ತ್ರೀವಾದಿ ಲೇಖಕಿ ಜೋ ಫ್ರೀಮನ್ 1970ರ ದಶಕದ ಆರಂಭದಲ್ಲೇ ಎಚ್ಚರಿಸಿದ್ದನ್ನು ನೆನಪಿಸಿ, ಮಾತಿನ ಸರದಿಯನ್ನೂ ಅವಧಿಯನ್ನೂ ಮೊದಲೇ ಗೊತ್ತುಪಡಿಸಿ, ಹಿರಿಯ ಅಧಿಕಾರಿಗಳ ಸರದಿಯನ್ನು ಕೊನೆಗಿಟ್ಟರು. ದಿನದ ಇಪ್ಪತ್ನಾಲ್ಕು ಗಂಟೆಗಳನ್ನು ಗಡಿಯಾರದ ಚಿತ್ರದಲ್ಲಿ ಬಣ್ಣ ತುಂಬಿ ತೋರಿಸುವ ಚಟುವಟಿಕೆ ಹಳೆಯದು, ನಾನು ಬೇರೆಡೆ ಎರಡು ಬಾರಿ ಮಾಡಿದ್ದೆ. ಆದರೂ, ಮಗುವನ್ನು ಓದಿಸುವುದು, ಅಡುಗೆ, ಅತ್ತೆಯ ಔಷಧಿ ಮೂರೂ ಒಂದೇ ಗಂಟೆಯಲ್ಲಿ ನಡೆಯುವುದರಿಂದ ಯಾವ ಬಣ್ಣ ಹಚ್ಚಲೆಂದು ಸಹೋದ್ಯೋಗಿಯೊಬ್ಬರು ಕೇಳಿದಾಗ, ಸುಗಮಕಾರರು ಉತ್ತರ ಹೇಳದೆ ಸುಮ್ಮನೆ ಇನ್ನೆರಡು ಪೆನ್ಸಿಲ್‌ಗಳನ್ನು ಅವರ ಕೈಗಿತ್ತರು. ಆ ಒಂದು ಗಂಟೆಯ ಮನೆ ಕಾಗದ ಹರಿಯುವಷ್ಟು ಕಪ್ಪಾಯಿತು.

ಅವರ ಪಳಗಿದ ಕೈ ನನಗೆ ಕಂಡದ್ದು ಮೂರನೆಯ ಸಭೆಯಲ್ಲಿ. ಕೆಲಸದ ಪ್ರವಾಸದಲ್ಲಿ ತನಗಾದ ಕಿರುಕುಳವನ್ನು ಒಬ್ಬಾಕೆ ಹೇಳಲು ಆರಂಭಿಸಿದ ಕೂಡಲೇ, ಇಷ್ಟು ಜನರ ಮುಂದೆ ಇದನ್ನು ಹೇಳಬೇಕೆಂದೇನೂ ಇಲ್ಲ, ಹೇಳಬೇಕೆನಿಸಿದರೆ ನಾವು ಕೇಳುತ್ತೇವೆ ಎಂದು ತಂಡದವರೊಬ್ಬರು ಮೆಲ್ಲನೆ ತಡೆದರು. ಇನ್ನೊಬ್ಬರು ಆಕೆಯೊಂದಿಗೆ ಹೊರಗೆ ಹೋಗಿ ಕುಳಿತರು. ದೂರು ಕೊಡಬೇಕೆ ಬೇಡವೆ ಎಂಬ ತೀರ್ಮಾನ ಆಕೆಯದೇ ಆಗಿ ಉಳಿಯಿತು. ಕಚೇರಿಯ ಹೊರಗೆ ನಡೆದದ್ದಕ್ಕೆ ಸಂಸ್ಥೆ ಹೊಣೆಯಲ್ಲವೆಂದು ಆಡಳಿತದವರು ಗೊಣಗಿದಾಗ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ ಅಂಗೀಕರಿಸಿದ 190ನೆಯ ಒಡಂಬಡಿಕೆ ಕೆಲಸದ ಪ್ರವಾಸ, ಓಡಾಟ, ಕೆಲಸಕ್ಕೆ ಸಂಬಂಧಿಸಿದ ಸಂದೇಶಗಳು ಎಲ್ಲವನ್ನೂ ಒಳಗೊಳ್ಳುತ್ತದೆಂದು ತೋರಿಸಿ, ನಮ್ಮ ಆಂತರಿಕ ನಿಯಮಕ್ಕೆ ಅದೇ ವ್ಯಾಪ್ತಿಯನ್ನು ಬರೆದುಕೊಟ್ಟರು.

ಇನ್ನು ತಂಡದ ಬಗ್ಗೆ ನನಗಿರುವ ದೂರುಗಳು. ಸ್ತ್ರೀಯರೆಲ್ಲರ ಅನುಭವ ಒಂದೇ ಅಲ್ಲವೆಂದು ವಿವರಿಸುತ್ತಾ, 1989ರಲ್ಲಿ ಅಮೆರಿಕದ ಕಾನೂನು ವಿದ್ವಾಂಸೆ ಕಿಂಬರ್ಲಿ ಕ್ರೆನ್‌ಶಾ ಮಂಡಿಸಿದ ‘ಇಂಟರ್‌ಸೆಕ್ಷನಾಲಿಟಿ’ಯ (ಲಿಂಗ, ಜನಾಂಗ, ವರ್ಗದಂಥ ತಾರತಮ್ಯಗಳು ಒಬ್ಬರ ಬದುಕಿನಲ್ಲಿ ಒಂದರೊಡನೊಂದು ಹೆಣೆದುಕೊಳ್ಳುವುದರ) ಬಗ್ಗೆ ಅವರು ಪರದೆಯ ಮೇಲೆ ತೋರಿಸುತ್ತಿದ್ದಾಗ, ಗುತ್ತಿಗೆಯ ಮೇಲೆ ದುಡಿಯುವ ಸ್ವಚ್ಛತಾ ಕೆಲಸದ ಹೆಂಗಸರು ಅದೇ ಸಭಾಂಗಣದ ಹಿಂಬದಿಯಲ್ಲಿ ಕುರ್ಚಿ ಜೋಡಿಸುತ್ತಿದ್ದರು. ಆಹ್ವಾನಿತರ ಪಟ್ಟಿಯಲ್ಲಿ ಅವರಿರಲಿಲ್ಲ. ಪಟ್ಟಿ ಮಾಡಿದ್ದು ನಾವೇ, ತಪ್ಪು ಮೊದಲು ನಮ್ಮದು. ಆದರೆ ಯಾರು ಇಲ್ಲಿಲ್ಲ ಎಂದು ಕೇಳುವುದೇ ಸಲಹೆಗಾರರ ಕಸುಬಾಗಿರುವಾಗ ಅವರೂ ಕೇಳಲಿಲ್ಲ. ನಾನು ಎತ್ತಿ ತೋರಿಸಿದ ಮೇಲೆ ಒಪ್ಪಿಕೊಂಡು, ಆ ಹೆಂಗಸರ ಪಾಳಿ ಮುಗಿಯುವ ಹೊತ್ತಿಗೆ ಪ್ರತ್ಯೇಕ ಸಭೆ ನಡೆಸಿದರು. ಅದಕ್ಕೆ ಸಿಕ್ಕಿದ್ದು ಒಂದೇ ಗಂಟೆ.

ವರದಿಯಂತೂ ನಿರಾಶಾದಾಯಕವಾಗಿತ್ತು. ಕಡತಗಳ ಮುಂದೆ ಕೂತು ಅಷ್ಟು ತಿಳಿಯಾಗಿ ಮಾತನಾಡಿದವರು ಬರವಣಿಗೆಗೆ ಬಂದೊಡನೆ ‘ಸಬಲೀಕರಣ’, ‘ಮುಖ್ಯವಾಹಿನೀಕರಣ’ಗಳ ಹಿಂದೆ ಅಡಗಿಕೊಂಡರು. ಒಂದು ಪುಟದಲ್ಲಿ ನಮ್ಮ ಹೆಸರಿರಬೇಕಾದಲ್ಲಿ ಮತ್ತಾವುದೋ ಸಂಸ್ಥೆಯ ಹೆಸರು ಉಳಿದುಕೊಂಡಿತ್ತು. ಗೋಪ್ಯತೆಯ ಬಗ್ಗೆ ಅಷ್ಟು ಕಾಳಜಿಯುಳ್ಳವರಿಂದ ಆದ ಈ ಪ್ರಮಾದವನ್ನು ಹಗುರವಾಗಿ ಬಿಡಲಾಗದು. ವೇತನದ ಅಧ್ಯಾಯ ಮಾತ್ರ ಗಟ್ಟಿಯಾಗಿದೆ. ಸಮಾನ ಕೆಲಸಕ್ಕಷ್ಟೇ ಅಲ್ಲದೆ ಸಮಾನ ಮೌಲ್ಯದ ಕೆಲಸಕ್ಕೂ ಸಮಾನ ವೇತನವೆನ್ನುವ, ಅದೇ ಕಾರ್ಮಿಕ ಸಂಘಟನೆಯ 1951ರ 100ನೆಯ ಒಡಂಬಡಿಕೆಯ ತತ್ವವನ್ನು ಹಿಡಿದು, ಕೌಶಲ, ಶ್ರಮ, ಹೊಣೆಗಾರಿಕೆ, ಕೆಲಸದ ಪರಿಸ್ಥಿತಿ ಎಂಬ ನಾಲ್ಕು ಅಳತೆಗಳಲ್ಲಿ ಹುದ್ದೆಗಳನ್ನು ತೂಗಿದ್ದಾರೆ. ‘ಸಹಾಯಕಿ’ ಎಂಬ ಹೆಸರಿನಡಿ ಲೆಕ್ಕಪತ್ರ ನೋಡುವ ಹುದ್ದೆಯೂ ‘ಅಧಿಕಾರಿ’ ಎನಿಸಿಕೊಂಡ ಉಗ್ರಾಣದ ಹುದ್ದೆಯೂ ಅಲ್ಲಿ ಸರಿಸಮನಾಗಿ ನಿಂತಿವೆ, ಸಂಬಳ ನಿಂತಿಲ್ಲ.

ಇದೇ ತಂಡವನ್ನು ಮತ್ತೆ ಕರೆಯುವಿರಾ ಎಂದರೆ, ಕರೆಯುತ್ತೇನೆ. ಆದರೆ ವರದಿಯ ಕರಡನ್ನು ಮೊದಲು ಸಿಬ್ಬಂದಿಗೆ ಓದಿಹೇಳಬೇಕೆಂದೂ ಗುತ್ತಿಗೆಯವರ ಸಭೆ ಮೊದಲ ತಿಂಗಳಲ್ಲೇ ಆಗಬೇಕೆಂದೂ ಆರು ತಿಂಗಳ ನಂತರ ಒಂದು ಮರುಭೇಟಿ ಇರಬೇಕೆಂದೂ ಕರಾರಿನಲ್ಲೇ ಬರೆಸುತ್ತೇನೆ. ವೇತನದ ಕಡತ ಇನ್ನೂ ಆಡಳಿತ ವಿಭಾಗದಲ್ಲಿದೆ. ನಡಾವಳಿ ಬರೆಯುವ ಕೆಲಸ ಈಗ ಸರದಿಯ ಮೇಲೆ ನಡೆಯುತ್ತಿದ್ದು, ಕಳೆದ ಸಭೆಯದನ್ನು ಹಿರಿಯ ವ್ಯವಸ್ಥಾಪಕರು ಬರೆದಿದ್ದಾರೆ; ಸಭೆಯಲ್ಲಿ ತಾವು ಒಂದು ಮಾತೂ ಆಡಲಾಗಲಿಲ್ಲವೆಂದು ಅದರ ಕೊನೆಯಲ್ಲಿ ಷರಾ ಹಾಕಿದ್ದಾರೆ.