ಮೂರೇ ದಿನಕ್ಕೆ ಹುಳುಕಡ್ಡಿಯ ತುರಿಕೆ ನಿಂತರೆ ಟ್ಯೂಬ್ ತಿರುಗಿಸಿ ಓದಿ

ತೊಡೆಸಂದಿಯಲ್ಲಿ ರೂಪಾಯಿ ನಾಣ್ಯದಷ್ಟು ಕೆಂಪು ಉಂಗುರ, ಅಂಚಿನಲ್ಲಿ ಹೊಟ್ಟು, ರಾತ್ರಿಯಾದರೆ ತಡೆಯಲಾಗದ ತುರಿಕೆ. ಮೆಡಿಕಲ್ ಶಾಪಿನಲ್ಲಿ ಕೇಳಿದರೆ ಒಂದು ಟ್ಯೂಬ್ ಕೊಡುತ್ತಾರೆ. ಮೂರನೇ ದಿನಕ್ಕೆ ತುರಿಕೆ ಇಲ್ಲ. ಹಚ್ಚುವುದು ಬಿಟ್ಟ ವಾರದಲ್ಲೇ ಮತ್ತೆ ಬರುತ್ತದೆ, ಮೊದಲಿಗಿಂತ ಅಗಲವಾಗಿ. ಆಮೇಲೆ ‘ಸ್ಕಿನ್ ಕ್ಲಿನಿಕ್’ ಬೋರ್ಡು ನೋಡಿ ಹೋದರೆ ಅಲ್ಲೂ ಬಟ್ಟೆ ಸರಿಸಿ ನೋಡದೆ ಅದೇ ಔಷಧಿಯನ್ನು ಬೇರೆ ಹೆಸರಿನಲ್ಲಿ ಬರೆದುಕೊಡುತ್ತಾರೆ. ಆರು ತಿಂಗಳಲ್ಲಿ ಉಂಗುರದೊಳಗೆ ಉಂಗುರ, ಸೊಂಟದವರೆಗೂ ಹರಡಿದ ಕಲೆ, ತೊಡೆಯ ಒಳಬದಿಗೆ ಬಸುರಿಯ ಹೊಟ್ಟೆಯ ಮೇಲಿನಂಥ ಗೀರುಗಳು. ಹುಳುಕಡ್ಡಿ ವಾಸಿಯಾದರೂ ಆ ಗೀರು ಪೂರ್ತಿ ಹೋಗುವುದಿಲ್ಲ.

ಇದಕ್ಕೆಲ್ಲ ಕಾರಣ ಟ್ಯೂಬಿನೊಳಗಿನ ಸ್ಟೆರಾಯ್ಡ್. ಅದು ಹುಳುಕಡ್ಡಿ ತರುವ ಶಿಲೀಂಧ್ರವನ್ನು (ಫಂಗಸ್) ಕೊಲ್ಲುವುದಿಲ್ಲ, ಅದರ ವಿರುದ್ಧ ಚರ್ಮ ನಡೆಸುವ ಹೋರಾಟವನ್ನು ಅಡಗಿಸುತ್ತದೆ. ಉರಿ, ಕೆಂಪು ಇಳಿಯುತ್ತವೆ, ಒಳಗೆ ಶಿಲೀಂಧ್ರ ನಿರಾತಂಕವಾಗಿ ಬೆಳೆಯುತ್ತದೆ. ಕ್ಲೋಬೆಟಾಸಾಲ್, ಬೆಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್: ಇವುಗಳಲ್ಲಿ ಒಂದು ಹೆಸರು ಕಂಡರೂ ಹುಳುಕಡ್ಡಿಗೆ ಹಚ್ಚಬೇಡಿ. 2018ರಲ್ಲೇ ಇಂಥ ಹಲವು ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಲಾಗಿದೆ, ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಸಿಗುತ್ತವೆ ಅನ್ನುವುದೇ ಸಂಕಟ.

ಡಾಕ್ಟರನ್ನು ಆರಿಸುವಾಗ ಮೊದಲು ಡಿಗ್ರಿ ನೋಡಿ. ಎಂಬಿಬಿಎಸ್ ಆದ ಮೇಲೆ ಎಂ.ಡಿ. ಅಥವಾ ಡಿಎನ್‌ಬಿ ಚರ್ಮರೋಗ, ಇಲ್ಲವೇ ಚರ್ಮರೋಗದ ಡಿಪ್ಲೊಮಾ ಆದ ಡಿಡಿವಿಎಲ್‌ನಂಥದ್ದು ಇರಬೇಕು. ‘ಕಾಸ್ಮೆಟಾಲಜಿಸ್ಟ್’ (ಸೌಂದರ್ಯ ಚಿಕಿತ್ಸೆಯವರು), ‘ಟ್ರೈಕಾಲಜಿಸ್ಟ್’ (ಕೂದಲಿನ ಚಿಕಿತ್ಸೆಯವರು) ಎಂಬ ಹಲಗೆ ಇದ್ದ ಮಾತ್ರಕ್ಕೆ ಚರ್ಮರೋಗ ತಜ್ಞರು ಅಂದುಕೊಳ್ಳಬೇಡಿ. ಚೀಟಿಯ ಮೇಲೆ ನೋಂದಣಿ ಸಂಖ್ಯೆ ಇರಬೇಕು, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಅದನ್ನು ತಾಳೆ ನೋಡಬಹುದು. ಖರ್ಚು ಭಾರವಾದರೆ ಸರ್ಕಾರಿ ಮೆಡಿಕಲ್ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಹೋಗಿ. ಸಾಲು ಉದ್ದ ಇರಬಹುದು, ಆದರೆ ನೋಡುವವರು ಓದಿದವರು.

ಡಿಗ್ರಿಗಿಂತ ಹೆಚ್ಚು ಹೇಳುವುದು ಅವರು ನೋಡುವ ರೀತಿ. ಒಳ್ಳೆಯ ಡಾಕ್ಟರು ‘ಇದುವರೆಗೆ ಏನು ಹಚ್ಚಿದಿರಿ, ಮನೆಯಲ್ಲಿ ಇನ್ಯಾರಿಗಿದೆ’ ಎಂದು ಕೇಳುತ್ತಾರೆ. ಅನುಮಾನವಿದ್ದರೆ ಉಂಗುರದ ಅಂಚಿನ ಹೊಟ್ಟನ್ನು ಬ್ಲೇಡಿನಿಂದ ಗಾಜಿನ ಪಟ್ಟಿಯ ಮೇಲೆ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ನೋವಿಲ್ಲ, ಕವಲೊಡೆದ ಎಳೆಗಳು ಕಂಡರೆ ಶಿಲೀಂಧ್ರ ಖಾತ್ರಿ. ‘ಒಂದು ವಾರದಲ್ಲಿ ಸರಿಹೋಗುತ್ತೆ’ ಎಂದು ಭರವಸೆ ಕೊಡುವವರನ್ನು ನಂಬಬೇಡಿ. ಈಗ ನಮ್ಮಲ್ಲಿ ಹರಡಿರುವ, 2020ರಲ್ಲಿ ಟ್ರೈಕೊಫೈಟನ್ ಇಂಡೋಟಿನಿಯೆ ಎಂದು ಹೆಸರು ಪಡೆದ ಶಿಲೀಂಧ್ರ, ಅದನ್ನು ಕೊಲ್ಲಲೆಂದು ಕೊಡುವ ಟರ್ಬಿನಾಫಿನ್ ಮಾತ್ರೆಗೆ ಎಷ್ಟೋ ಸಲ ಬಗ್ಗುವುದಿಲ್ಲ. ಇನ್ನೊಂದು ಶಿಲೀಂಧ್ರನಾಶಕ ಔಷಧಿ ಇಟ್ರಾಕೊನಜೋಲ್ ಕೊಟ್ಟರೂ ನಾಲ್ಕರಿಂದ ಎಂಟು ವಾರ, ಹಠಮಾರಿಯಾದರೆ ಇನ್ನೂ ಹೆಚ್ಚು ಹಿಡಿಯುತ್ತದೆ. ಬಿಪಿ, ಕೊಲೆಸ್ಟ್ರಾಲ್, ಹೃದಯದ ಮಾತ್ರೆ ತಿನ್ನುವವರು ಅದನ್ನು ಮೊದಲೇ ಹೇಳಲೇಬೇಕು, ಇಟ್ರಾಕೊನಜೋಲ್ ಅವುಗಳಲ್ಲಿ ಕೆಲವಕ್ಕೆ ಆಗಿಬರುವುದಿಲ್ಲ.

ಸ್ಟೆರಾಯ್ಡ್ ಇಲ್ಲದ ಶಿಲೀಂಧ್ರನಾಶಕ ಕ್ರೀಮನ್ನು ಉಂಗುರದ ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಗೂ ಹಚ್ಚಬೇಕು, ಕಲೆ ಮಾಯವಾದ ಮೇಲೂ ಎರಡು ವಾರ ಬಿಡಬಾರದು. ಒಳಉಡುಪು, ಟವೆಲ್ ಬಿಸಿನೀರಲ್ಲಿ ಬೇರೆಯಾಗಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಮನೆಯಲ್ಲಿ ಇನ್ನೊಬ್ಬರಿಗಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು, ಇಲ್ಲದಿದ್ದರೆ ಅವರಿಂದ ಇವರಿಗೆ ಸುತ್ತುತ್ತಲೇ ಇರುತ್ತದೆ.

ಇವೇ ಸ್ಟೆರಾಯ್ಡ್ ಕ್ರೀಮುಗಳನ್ನು ಬಿಳಿಯಾಗಲೆಂದು ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿಕೊಂಡವರು ಬಹಳ ಜನ. ನಿಲ್ಲಿಸಿದ ಕೂಡಲೇ ಮುಖ ಕೆಂಪಾಗಿ ಉರಿಯುತ್ತದೆ, ಮೊಡವೆ ಏಳುತ್ತವೆ, ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಹೇಗೆ ಬಿಡಬೇಕೆಂದು ಚರ್ಮದ ಡಾಕ್ಟರನ್ನೇ ಕೇಳಿ. ಹೋಗುವಾಗ ಹಳೇ ಟ್ಯೂಬು, ಹಳೇ ಚೀಟಿ ಎಲ್ಲ ಒಯ್ಯಿರಿ, ಖಾಲಿ ಟ್ಯೂಬಾದರೂ ಸರಿ.