ತಪ್ಪು ಉತ್ತರ ಕೊಟ್ಟಾಗ ಕೋರ್ಸ್ ಏನು ಮಾಡುತ್ತದೆ?

ಶಾಲಾ ಮಕ್ಕಳ ಆನ್‌ಲೈನ್ ಕೋರ್ಸ್‌ಗಳನ್ನು ಪರಿಚಯಿಸುವ ಬರಹಗಳು ಸಾಮಾನ್ಯವಾಗಿ ವಿಡಿಯೊಗಳ ಅಂದ, ಬೋಧಕರ ಪದವಿ ಮತ್ತು ಪಾಠಗಳ ಒಟ್ಟು ಸಂಖ್ಯೆಯಿಂದ ಆರಂಭವಾಗುತ್ತವೆ. ಆರರಿಂದ ಎಂಟನೆಯ ತರಗತಿಯವರೆಗಿನ ಗಣಿತ ಮತ್ತು ವಿಜ್ಞಾನದ ಕೆಲವು ಕೋರ್ಸ್‌ಗಳನ್ನು ಈಚೆಗೆ ಪರಿಶೀಲಿಸುವಾಗ ನಾನು ವಿಡಿಯೊಗಳನ್ನು ಬದಿಗಿಟ್ಟು ನೇರವಾಗಿ ಅಭ್ಯಾಸದ ಪ್ರಶ್ನೆಗಳಿಗೆ ಹೋದೆ, ಮತ್ತು ಅಲ್ಲಿ ಬೇಕೆಂದೇ ತಪ್ಪು ಉತ್ತರಗಳನ್ನು ಕೊಟ್ಟೆ. ಪಾಠವನ್ನು ಚೆನ್ನಾಗಿ ವಿವರಿಸುವ ವಿಡಿಯೊ ಈಗ ಅಪರೂಪವೇನಲ್ಲ, ಹಣ ಕೊಡದೆಯೂ ಧಾರಾಳವಾಗಿ ಸಿಗುತ್ತದೆ. ಮಗು ಎಲ್ಲಿ ಎಡವಿತು, ಏಕೆ ಎಡವಿತು ಎಂಬುದನ್ನು ಗುರುತಿಸಿ ಅದಕ್ಕೆ ತಕ್ಕ ಮಾತನ್ನಾಡುವ ಕೋರ್ಸ್ ಮಾತ್ರ ಇನ್ನೂ ಅಪರೂಪ.

ಮಕ್ಕಳ ತಪ್ಪುಗಳಲ್ಲಿ ಹೆಚ್ಚಿನವು ಮನಸ್ಸಿಗೆ ಬಂದಂತೆ ಆಗುವಂಥವಲ್ಲ, ಅವುಗಳ ಹಿಂದೆ ಒಂದು ತರ್ಕವಿರುತ್ತದೆ. 1/2 ಮತ್ತು 1/3 ಅನ್ನು ಕೂಡಿದರೆ 2/5 ಎಂದು ಬರೆಯುವ ಮಗು ಅಂಶಕ್ಕೆ ಅಂಶವನ್ನೂ ಛೇದಕ್ಕೆ ಛೇದವನ್ನೂ ಕೂಡಿದೆ. 0.7ಕ್ಕಿಂತ 0.45 ದೊಡ್ಡದು ಎನ್ನುವ ಮಗು ಪೂರ್ಣಸಂಖ್ಯೆಗಳ ನಿಯಮವನ್ನು ದಶಮಾಂಶಕ್ಕೂ ಹಚ್ಚಿದೆ, ಏಕೆಂದರೆ 45 ಎಂಬುದು 7ಕ್ಕಿಂತ ದೊಡ್ಡದೇ ತಾನೆ. ಭೂಮಿ ಸೂರ್ಯನಿಗೆ ಹತ್ತಿರ ಬಂದಾಗ ಬೇಸಿಗೆ ಎಂಬ ಉತ್ತರವೂ ಇದೇ ಜಾತಿಯದು. ಇವು ಶಿಕ್ಷಕರಿಗೆ ಚಿರಪರಿಚಿತವಾದ ತಪ್ಪುಗಳಾದ್ದರಿಂದ ಕೋರ್ಸ್ ರೂಪಿಸುವವರಿಗೆ ಇವು ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ.

ಆದರೂ ನಾನು ನೋಡಿದ ಒಂದು ದುಬಾರಿ ಕೋರ್ಸ್ 2/5 ಎಂಬ ಉತ್ತರಕ್ಕೆ ಕೆಂಪು ಗುರುತು ಹಾಕಿ, ಅದೇ ವಿಡಿಯೊವನ್ನು ಮತ್ತೊಮ್ಮೆ ಮೊದಲಿನಿಂದ ನೋಡುವಂತೆ ಸೂಚಿಸಿತು. ಒಮ್ಮೆ ಅರ್ಥವಾಗದ ವಿವರಣೆಯನ್ನು ಅದೇ ಮಾತುಗಳಲ್ಲಿ ಎರಡನೆಯ ಸಲ ಕೇಳಿಸುವುದು ಬೋಧನೆಯಲ್ಲ. ಮತ್ತೊಂದು ಕೋರ್ಸ್ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ) ಕಂಡುಹಿಡಿಯುವುದರಿಂದ ಹಿಡಿದು 5/6 ಬರುವವರೆಗಿನ ಎಲ್ಲ ಹಂತಗಳನ್ನೂ ಅಚ್ಚುಕಟ್ಟಾಗಿ ತೋರಿಸಿತು, ಆದರೆ ಮಗು ಬರೆದ ಉತ್ತರ ಏಕೆ ಸರಿಯಲ್ಲ ಎಂಬ ಬಗ್ಗೆ ಒಂದು ಮಾತನ್ನೂ ಹೇಳಲಿಲ್ಲ. ಮೂರನೆಯದು ಮಾತ್ರ ಮರುಪ್ರಶ್ನೆ ಕೇಳಿತು: 2/5 ಎಂಬುದು ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ? ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಬಂದ ಮೊತ್ತ ಅರ್ಧಕ್ಕಿಂತಲೂ ಕಡಿಮೆಯಾಗಲು ಸಾಧ್ಯವೇ? ಈ ಎರಡು ಸಾಲುಗಳು ಆ ಕೋರ್ಸಿನ ಸಾಧಾರಣ ದರ್ಜೆಯ ಚಿತ್ರಗಳನ್ನೂ ತುಸು ನೀರಸವಾದ ಧ್ವನಿಯನ್ನೂ ನಾನು ಕ್ಷಮಿಸುವಂತೆ ಮಾಡಿದವು.

ಬಹು ಆಯ್ಕೆಯ ಪ್ರಶ್ನೆಗಳಲ್ಲಿ ತಪ್ಪು ಆಯ್ಕೆಗಳನ್ನು ಹೇಗೆ ಆರಿಸಿದ್ದಾರೆ ಎಂಬುದನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಭಿನ್ನರಾಶಿಗಳ ಆ ಪ್ರಶ್ನೆಗೆ 5/6, 40, 100 ಮತ್ತು 0 ಎಂಬ ನಾಲ್ಕು ಆಯ್ಕೆಗಳಿದ್ದರೆ ಭಿನ್ನರಾಶಿಯ ಗಂಧಗಾಳಿ ಇಲ್ಲದ ಮಗುವೂ ಸರಿ ಉತ್ತರ ಒತ್ತುತ್ತದೆ, ಪಾಲಕರಿಗೆ ಹೋಗುವ ವರದಿಯಲ್ಲಿ ಪೂರ್ಣ ಅಂಕವೂ ಕಾಣುತ್ತದೆ. 2/5, 2/6, 1/5 ಮುಂತಾದವು ಆಯ್ಕೆಗಳಲ್ಲಿದ್ದರೆ ಮಾತ್ರ ಆ ಪ್ರಶ್ನೆ ಏನನ್ನಾದರೂ ಅಳೆಯುತ್ತದೆ.

ಹೆಸರು ಹೇಳಿ ವಿವರಿಸಬಹುದಾದ ಒಂದು ಉದಾಹರಣೆ ಖಾನ್ ಅಕಾಡೆಮಿ. ಅಮೆರಿಕದ ಶಿಕ್ಷಣತಜ್ಞ ಸಲ್ಮಾನ್ ಖಾನ್ ಅವರು 2008ರಲ್ಲಿ ಲಾಭರಹಿತ ಸಂಸ್ಥೆಯಾಗಿ ಸ್ಥಾಪಿಸಿದ ಇದು ವಿಡಿಯೊಗಳಿಂದಲೇ ಪ್ರಸಿದ್ಧವಾಯಿತು, ಆದರೆ ನನಗೆ ಅದರ ಹೆಚ್ಚಿನ ಬಲ ಕಾಣುವುದು ಅಭ್ಯಾಸದ ವ್ಯವಸ್ಥೆಯಲ್ಲಿ. ಉತ್ತರವನ್ನು ಒಮ್ಮೆಲೇ ಬಿಚ್ಚಿಡದೆ ಸುಳಿವುಗಳನ್ನು ಹಂತಹಂತವಾಗಿ ಕೊಡುತ್ತಾರೆ. ಒಂದು ಕೌಶಲದ ಅಭ್ಯಾಸದಲ್ಲಿ ಎಲ್ಲ ಉತ್ತರಗಳೂ ಸರಿಯಾದ ಮಾತ್ರಕ್ಕೆ ಅತ್ಯುನ್ನತ ಮಟ್ಟ ದೊರೆಯುವುದಿಲ್ಲ. ಬೇರೆ ಬೇರೆ ಕೌಶಲಗಳ ಪ್ರಶ್ನೆಗಳು ಬೆರೆತಿರುವ ಪರೀಕ್ಷೆಯಲ್ಲಿಯೂ ಅದನ್ನು ಸರಿಯಾಗಿ ಬಿಡಿಸಬೇಕು, ಅಲ್ಲಿ ತಪ್ಪಿದರೆ ಮಟ್ಟ ಇಳಿಯುತ್ತದೆ. ಇದು ಮಹತ್ವದ ವಿವರ, ಏಕೆಂದರೆ ಒಂದೇ ಮಾದರಿಯ ಹತ್ತು ಲೆಕ್ಕಗಳನ್ನು ಸಾಲಾಗಿ ಬಿಡಿಸುವಾಗ ಮಗು ಯಾವ ವಿಧಾನ ಬಳಸಬೇಕೆಂದು ಯೋಚಿಸುವುದೇ ಇಲ್ಲ. ಕೊರತೆಯೂ ಇದೆ: ಸುಳಿವುಗಳು ಸರಿಯಾದ ದಾರಿಯನ್ನು ತೋರಿಸುವಷ್ಟು ಸಮರ್ಥವಾಗಿ ಮಗು ಹಿಡಿದ ತಪ್ಪು ದಾರಿಯ ಬಗ್ಗೆ ಮಾತನಾಡುವುದಿಲ್ಲ.

ವಿಡಿಯೊಗಳ ವಿಷಯಕ್ಕೆ ಬಂದರೆ, ಸ್ಪಷ್ಟತೆ ಎಂಬ ಗುಣವನ್ನೇ ಸ್ವಲ್ಪ ಅನುಮಾನದಿಂದ ನೋಡಬೇಕಾಗುತ್ತದೆ. ಭೌತವಿಜ್ಞಾನದ ವಿಡಿಯೊಗಳ ಕುರಿತು ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಡೆರೆಕ್ ಮುಲ್ಲರ್ ನಡೆಸಿ 2008ರಲ್ಲಿ ಪ್ರಬಂಧವಾಗಿ ಮಂಡಿಸಿದ ಸಂಶೋಧನೆಯಲ್ಲಿ, ನೇರವಾದ ವಿವರಣೆಯನ್ನು ನೋಡಿದ ವಿದ್ಯಾರ್ಥಿಗಳಿಗಿಂತ, ಸಾಮಾನ್ಯವಾದ ತಪ್ಪು ಕಲ್ಪನೆಯನ್ನು ಮೊದಲು ಎತ್ತಿಕೊಂಡು ಚರ್ಚಿಸುವ ವಿಡಿಯೊ ನೋಡಿದವರು ಹೆಚ್ಚು ಕಲಿತಿದ್ದರು, ಆದರೆ ಅವರಿಗೆ ಅದಕ್ಕಾಗಿ ಹೆಚ್ಚು ತಲೆ ಓಡಿಸಬೇಕಾಗಿ ಬಂದಿತ್ತು. ನೇರ ವಿವರಣೆ ನೋಡಿದವರಿಗೆ ಅದು ಸ್ಪಷ್ಟವಾಗಿದೆ ಎನ್ನಿಸಿತ್ತು, ತಮ್ಮ ಹಳೆಯ ಕಲ್ಪನೆಯನ್ನೇ ಅದು ಸಮರ್ಥಿಸುತ್ತಿದೆ ಎಂದುಕೊಂಡವರೂ ಇದ್ದರು. ಹೀಗಾಗಿ ‘ಎಲ್ಲ ಅರ್ಥವಾಯಿತು’ ಎಂದು ಮಗು ಹೇಳಿದ್ದನ್ನು ಕೋರ್ಸಿನ ಗುಣಮಟ್ಟಕ್ಕೆ ಸಾಕ್ಷಿಯಾಗಿ ನಾನು ತೆಗೆದುಕೊಳ್ಳುವುದಿಲ್ಲ. ಉದ್ದದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎಡೆಕ್ಸ್ ಎಂಬ ಆನ್‌ಲೈನ್ ಕೋರ್ಸ್‌ಗಳ ವೇದಿಕೆಯ ಲಕ್ಷಾಂತರ ವೀಕ್ಷಣೆಗಳನ್ನು ವಿಶ್ಲೇಷಿಸಿದ 2014ರ ಅಧ್ಯಯನವೊಂದು ಆರು ನಿಮಿಷ ದಾಟಿದ ವಿಡಿಯೊಗಳಲ್ಲಿ ವೀಕ್ಷಕರು ಕೊನೆಯವರೆಗೆ ಉಳಿಯುವುದು ಕಡಿಮೆ ಎಂದು ಕಂಡುಕೊಂಡಿತು. ಅವರು ಬಹುತೇಕ ವಯಸ್ಕರು ಎಂಬುದನ್ನು ಗಮನಿಸಿದರೆ ಹನ್ನೊಂದರ ಮಗುವಿಗೆ ನಲವತ್ತು ನಿಮಿಷದ ಉಪನ್ಯಾಸ ಕೊಡುವವರ ಲೆಕ್ಕಾಚಾರ ಅರ್ಥವಾಗುವುದಿಲ್ಲ.

ಕಲಿತದ್ದನ್ನು ಕೆಲವು ದಿನ ಬಿಟ್ಟು ಮತ್ತೆ ಕೇಳುವ ಏರ್ಪಾಡು ಇದೆಯೇ ಎಂಬುದು ನಾನು ಹುಡುಕುವ ಮುಂದಿನ ಅಂಶ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವರು ಒಂದು ಗದ್ಯಭಾಗವನ್ನು ಎರಡು ಸಲ ಓದಿದರು, ಉಳಿದವರು ಒಮ್ಮೆ ಓದಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಸ್ವಲ್ಪ ಮುಂದಿದ್ದರು, ವಾರದ ನಂತರ ಮಾತ್ರ ಅವರು ಸುಮಾರು ಶೇಕಡಾ 42ಕ್ಕೆ ಇಳಿದರೆ ನೆನಪಿನಿಂದ ಬರೆದಿದ್ದವರು ಶೇಕಡಾ 56ರಷ್ಟನ್ನು ಉಳಿಸಿಕೊಂಡಿದ್ದರು. ನಾನು ನೋಡಿದ ಹೆಚ್ಚಿನ ಕೋರ್ಸ್‌ಗಳಲ್ಲಿ ಪಾಠ ಮುಗಿದ ಕೂಡಲೇ ಕಿರುಪರೀಕ್ಷೆ ಬರುತ್ತದೆ, ಆಮೇಲೆ ಆ ವಿಷಯ ಮತ್ತೆ ತಲೆ ಎತ್ತುವುದೇ ಇಲ್ಲ. ಅಂಥ ಪರೀಕ್ಷೆಯ ಅಂಕಗಳು ಆ ಐದು ನಿಮಿಷದ ಅಂಕಗಳಂತೆಯೇ ಇರಬೇಕಾದದ್ದಕ್ಕಿಂತ ಹೆಚ್ಚು ಭರವಸೆ ಕೊಡುತ್ತವೆ. ಪ್ರಗತಿ ವರದಿಗಳದ್ದೂ ಇದೇ ಕಥೆ: ‘ಶೇಕಡಾ 80 ಪೂರ್ಣ’ ಎಂದರೆ ಕಲಿತದ್ದರ ಪ್ರಮಾಣವೋ ವಿಡಿಯೊ ಓಡಿದ ಪ್ರಮಾಣವೋ ಎಂದು ವಿಚಾರಿಸಿದರೆ ಉತ್ತರ ಬಹಳ ಸಲ ಎರಡನೆಯದೇ ಆಗಿರುತ್ತದೆ. ದಿನ ತಪ್ಪದೆ ಬಂದದ್ದನ್ನು ಎಣಿಸುವ ಸರಪಣಿ, ಪದಕ, ನಾಣ್ಯ ಇತ್ಯಾದಿ ಬಹುಮಾನಗಳ ಬಗ್ಗೆ ನನಗೆ ವಿರೋಧವಿಲ್ಲ, ಅವುಗಳನ್ನು ಗಳಿಸಲು ಯೋಚಿಸಬೇಕಾಗಿದ್ದರೆ.

ವಿಜ್ಞಾನದ ಕೋರ್ಸ್‌ಗಳಲ್ಲಿ ಮಗು ತಾನೇ ಏನನ್ನಾದರೂ ಬದಲಿಸಿ ನೋಡಲು ಅವಕಾಶವಿದೆಯೇ ಎಂಬುದು ಇನ್ನೊಂದು ಒರೆಗಲ್ಲು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆಯ ಉಚಿತ ಸಿಮ್ಯುಲೇಶನ್‌ಗಳಲ್ಲಿ ವಿದ್ಯುತ್ ಮಂಡಲವನ್ನು ಜೋಡಿಸಬಹುದು, ಇನ್ನೊಂದು ಬಲ್ಬನ್ನು ಸೇರಿಸಿ ಬೆಳಕು ಹೇಗೆ ಬದಲಾಗುತ್ತದೆಂದು ನೋಡಬಹುದು. ಇಂಥ ಸಾಧನ ಕೈಗೆಟಕುವಂತಿರುವಾಗ, ‘ಪ್ರಯೋಗಾಲಯ’ ಎಂಬ ಹೆಸರಿನಡಿ ಬೇರೊಬ್ಬರು ಮಾಡುವ ಪ್ರಯೋಗದ ವಿಡಿಯೊವನ್ನಷ್ಟೇ ತೋರಿಸಿ ಶುಲ್ಕ ಕೇಳುವ ಕೋರ್ಸಿಗೆ ನಾನು ಅಂಕ ಕೊಡಲಾರೆ.

ಗುಣಮಟ್ಟಕ್ಕೆ ಸಿದ್ಧ ಮಾನದಂಡಗಳಿಲ್ಲವೇ ಎಂದರೆ, ಇವೆ. ಅಮೆರಿಕದಲ್ಲಿ ಶಾಲಾ ಹಂತದ ಆನ್‌ಲೈನ್ ಕೋರ್ಸ್‌ಗಳಿಗಾಗಿ 2007ರಲ್ಲಿ ಮೊದಲು ಪ್ರಕಟವಾಗಿ 2019ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಮಾನದಂಡಗಳು ವಿಷಯವಸ್ತು, ಬೋಧನಾ ವಿನ್ಯಾಸ, ಮೌಲ್ಯಮಾಪನ, ಎಲ್ಲರಿಗೂ ಎಟಕುವಿಕೆ, ತಂತ್ರಜ್ಞಾನ ಮುಂತಾದ ಏಳು ವಿಭಾಗಗಳಲ್ಲಿವೆ. ಅವು ಉಪಯುಕ್ತ, ಆದರೆ ಹಿಮ್ಮಾಹಿತಿಯ ವ್ಯವಸ್ಥೆ ಇದೆ ಎಂದು ಗುರುತು ಹಾಕಿಕೊಳ್ಳುವುದು ಆ ಕೆಂಪು ಗುರುತಿನ ಕೋರ್ಸಿಗೂ ಕಷ್ಟವಾಗುವುದಿಲ್ಲ. ಪಟ್ಟಿಯಿಂದ ನೇರವಾಗಿ ಎತ್ತಿಕೊಳ್ಳಬಹುದಾದದ್ದು ಎಟಕುವಿಕೆಯ ವಿಭಾಗ: ವಿಡಿಯೊಗಳಲ್ಲಿ ಮಾತನ್ನು ಬರಹವಾಗಿ ತೋರಿಸುವ ಪಠ್ಯಸಾಲುಗಳು ಇವೆಯೇ, ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ನಡುವೆ ಸಾಕಷ್ಟು ವ್ಯತ್ಯಾಸವಿದೆಯೇ, ಕೀಲಿಮಣೆಯೊಂದರಿಂದಲೇ ಎಲ್ಲವನ್ನೂ ನಡೆಸಬಹುದೇ ಎಂಬುದನ್ನು ಯಾರು ಬೇಕಾದರೂ ಕೆಲವೇ ನಿಮಿಷಗಳಲ್ಲಿ ನೋಡಬಹುದು.

ಮಕ್ಕಳ ಮಾಹಿತಿಯ ವಿಷಯ ಹೀಗೆ ಹೊರಗಿನಿಂದ ಕಾಣುವಂಥದ್ದಲ್ಲ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಕೋವಿಡ್ ಸಾಂಕ್ರಾಮಿಕದ ಕಾಲದಲ್ಲಿ ಸರ್ಕಾರಗಳು ಶಿಫಾರಸು ಮಾಡಿದ್ದ 164 ಶೈಕ್ಷಣಿಕ ಆ್ಯಪ್ ಹಾಗೂ ಜಾಲತಾಣಗಳನ್ನು ಪರಿಶೀಲಿಸಿ 2022ರಲ್ಲಿ ಕೊಟ್ಟ ವರದಿಯ ಪ್ರಕಾರ, ಅವುಗಳಲ್ಲಿ 146 ಮಕ್ಕಳ ಹಕ್ಕುಗಳಿಗೆ ಅಪಾಯ ತರುವ ಅಥವಾ ಅವನ್ನು ಉಲ್ಲಂಘಿಸುವ ರೀತಿಯಲ್ಲಿ ಮಾಹಿತಿಯನ್ನು ಬಳಸುವಂತೆ ಕಂಡುಬಂದವು. ಭಿನ್ನರಾಶಿ ಕಲಿಸುವ ಆ್ಯಪಿಗೆ ಮಗು ಇರುವ ಸ್ಥಳವಾಗಲಿ ಫೋನಿನ ಸಂಪರ್ಕ ಪಟ್ಟಿಯಾಗಲಿ ಬೇಕಾಗಲು ಯಾವ ಕಾರಣವನ್ನೂ ನಾನು ಊಹಿಸಲಾರೆ. ಆ ಅನುಮತಿಗಳನ್ನು ನಿರಾಕರಿಸಿದ ಮೇಲೆ ಪಾಠ ತೆರೆಯದಿದ್ದರೆ ಅಲ್ಲಿಗೇ ಬಿಟ್ಟುಬಿಡುವುದು ಸರಿ, ಪಾಠ ಎಷ್ಟೇ ಚೆನ್ನಾಗಿರಲಿ.

ಬಹುಪಾಲು ಕೋರ್ಸ್‌ಗಳು ಹಣ ಕಟ್ಟುವ ಮೊದಲು ಕೆಲವು ದಿನಗಳ ಉಚಿತ ಪ್ರವೇಶವನ್ನು ಕೊಡುತ್ತವೆ, ಮತ್ತು ತಮ್ಮ ಅತ್ಯುತ್ತಮ ವಿಡಿಯೊವನ್ನೇ ಮುಂದಿಡುತ್ತವೆ. ಆ ದಿನಗಳಲ್ಲಿ ಮಗುವಿಗೆ ಈಗಾಗಲೇ ಕಷ್ಟವಾಗಿರುವ ಒಂದು ಪಾಠವನ್ನು ಆರಿಸಿಕೊಂಡು, ಮಗು ತನ್ನ ನೋಟುಪುಸ್ತಕದಲ್ಲಿ ನಿಜವಾಗಿ ಮಾಡಿರುವ ತಪ್ಪನ್ನೇ ಅಲ್ಲಿ ಉತ್ತರವಾಗಿ ಕೊಟ್ಟು ನೋಡಬೇಕು. ಸಂದೇಹ ಕೇಳಲು ಬೋಧಕರಿದ್ದಾರೆ ಎಂದು ಕೋರ್ಸ್ ಹೇಳಿಕೊಂಡಿದ್ದರೆ ಅದೇ ಲೆಕ್ಕವನ್ನು ಅವರಿಗೂ ಕಳುಹಿಸಬಹುದು. ಬರುವುದು ಬರಿಯ ಸರಿ ಉತ್ತರವೋ, ‘ಇದನ್ನು ಹೇಗೆ ಮಾಡಿದೆ, ಹೇಳು’ ಎಂಬ ಮರುಪ್ರಶ್ನೆಯೋ ಎಂಬುದನ್ನು ನೋಡಿದ ಮೇಲೆ ಹಣ ಕಟ್ಟುವ ವಿಚಾರ.